ಅಡ್ಡ ತಿರುಗಿಸಿದ ತಟ್ಟೆ

ಅಕ್ಕಾ,

ಗಟ್ಟಿಯಾಗಿದ್ದೇನೆ. ಇಲ್ಲಿನ ಪ್ರಯೋಗಾಲಯದ ಮುಖ್ಯಸ್ಥರ ಹುದ್ದೆಗೆ ನಿನ್ನೆ ಸಂದರ್ಶನ ನಡೆಯಿತು. ಇಪ್ಪತ್ತು ವರ್ಷದಿಂದ ನಾನು ನೋಡುತ್ತಿರುವುದನ್ನೇ ಅವರಿಗೂ ತೋರಿಸಿದೆ. ರಕ್ತನಾಳದ ಒಳಗೋಡೆಯ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ಮೇಲೆ ದ್ರವ ಹರಿಸಿದರೆ, ಅವೆಲ್ಲ ಹರಿವಿನ ದಿಕ್ಕಿಗೇ ಮೈಚಾಚಿ ಮಲಗುತ್ತವೆ.

“ಅದು ಅವುಗಳ ಹುಟ್ಟುಗುಣ ಬಿಡಮ್ಮ, ಸುಟ್ಟರೂ ಹೋಗಲ್ಲ,” ಎಂದರು ಸಮಿತಿಯ ಹಿರಿಯರು.

ನಾನು ತಟ್ಟೆಯನ್ನು ಅಡ್ಡ ತಿರುಗಿಸಿ ಮತ್ತೆ ದ್ರವ ಹರಿಯಬಿಟ್ಟೆ. ಇವತ್ತು ಸಮಿತಿ ಮತ್ತೆ ಸೇರಿದಾಗ ನೋಡಿದರೆ ಕೋಶಗಳೆಲ್ಲ ಹೊಸ ದಿಕ್ಕಿಗೆ ಹೊರಳಿದ್ದವು. ಹಿರಿಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. “ಹುಟ್ಟಿನಲ್ಲಿ ಏನೂ ಇಲ್ಲ ಅಂತ ಕಣ್ಣು ತೆರೆಸಿಬಿಟ್ರಿ,” ಎಂದರು.

ಆಮೇಲೆ ಚಹಾ ಕುಡಿದು, ಹುದ್ದೆಯನ್ನು ಹಳೆಯ ಮುಖ್ಯಸ್ಥರ ಮಗನಿಗೆ ಕೊಟ್ಟರು. ದ್ರವ ಹರಿಸುವ ಪಂಪಿನ ಗುಂಡಿ ಯಾವುದೆಂದು ನನ್ನನ್ನೇ ಕೇಳಿದ ಮಹಾನುಭಾವ ಅವನು. ಹಿರಿಯರನ್ನು ಕಾರಣ ಕೇಳಿದೆ.

“ನಿಮ್ಮ ಕೈ ಚುರುಕು, ಒಪ್ಪಿದೆ. ಆದ್ರೆ ಮುಂದಾಳುತನ ಮನೆತನದಿಂದ ಬರಬೇಕಲ್ವಾ ತಾಯಿ?”

“ಆ ಮಾತನ್ನೇ ಬರೆದು ಸಹಿ ಹಾಕಿ ಕೊಡಿ,” ಎಂದೆ. ತಕ್ಷಣ ಎಲ್ಲರಿಗೂ ಬೇರೆ ಬೇರೆ ಕೆಲಸ ನೆನಪಾಯಿತು. ಹಿರಿಯರು ತಮ್ಮ ಕೋಣೆ ಸೇರಿಕೊಂಡರು. ಅವರ ಬಾಗಿಲಿಗೇ ಕುರ್ಚಿ ಹಾಕಿಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ. ಮುಂದಿನ ವಾರದ ರೈಲಿಗೆ ಬರುವುದಿಲ್ಲ, ಭಾವನನ್ನು ಸ್ಟೇಷನ್ನಿಗೆ ಓಡಿಸಬೇಡ. ನೀನು ಬಿಪಿ ಮಾತ್ರೆ ಬಿಟ್ಟಿದ್ದೀಯಂತೆ. ಹಟ ಮಾಡಲು ಬೇರೆ ಜಾಗಗಳಿವೆ, ಮಾತ್ರೆ ನುಂಗು.

ಒಳಗಿನಿಂದ “ಏನು ಬರೀಬೇಕು ಹೇಳಿ ತಾಯಿ” ಎಂಬ ದನಿ ಬರುತ್ತಿದೆ. ಅವರಿಗೆ ನನ್ನ ಪೆನ್ನು ಬೇಕಾಗುತ್ತದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ತಂಗಿ