ಮೊದಲು ಬಂದ ಕಾಗದ

ಮಗಳೇ,

ಬೆಳಗಿನಿಂದ ಮಂಜು ಎದುರುಮನೆಯನ್ನೂ ನುಂಗಿ ಕೂತಿದೆ. ನೀನು ಮಲಗಿರು. ಲಾಂಡ್ರಿ ಕೆಲಸಕ್ಕೆ ನಿನ್ನ ಬದಲು ನಾನೇ ಹೋಗುತ್ತಿದ್ದೇನೆ. ಒದ್ದೆ ಚಾದರ ಎತ್ತಲು ಈ ಅತ್ತೆಯ ಸೊಂಟ ಇನ್ನೂ ಗಟ್ಟಿಯಿದೆ.

ಬಕೆಟ್ ಮುಟ್ಟಬೇಡ. ಮುಂದೆ ಕ್ಯಾನ್ಸರ್ ಆಗಬಹುದೆಂದು ನಿನ್ನೆ ಗರ್ಭಕೋಶದ ಬಾಯಲ್ಲಿ ಒಂದು ಭಾಗ ಕತ್ತರಿಸಿ ತೆಗೆದರಲ್ಲ, ಆ ಗಾಯ ಆರಲು ತಿಂಗಳಾದರೂ ಬೇಕಂತೆ. ಅಲ್ಲಿಯವರೆಗೆ ನೀರು, ಸ್ವಲ್ಪ ರಕ್ತ ಹೋಗುತ್ತದೆ, ಗಾಬರಿಯಾಗಬೇಡ. ಪ್ಯಾಡ್ ಮಾತ್ರ ಬಳಸು. ಗಂಟೆಗೊಂದು ಪ್ಯಾಡ್ ನೆನೆದರೆ, ಜ್ವರವೋ ಕೆಟ್ಟ ವಾಸನೆಯೋ ಬಂದರೆ ಆಸ್ಪತ್ರೆಗೆ ಫೋನ್ ಮಾಡು. ನಂಬರು ಗೋಡೆಗೆ ಅಂಟಿಸಿದ್ದೇನೆ. ಆರು ವಾರ ನಿನ್ನ ಗಂಡ ಹೊರಕೋಣೆಯಲ್ಲಿ ಮಲಗಲಿ. ನಾನೇ ಹೇಳಿದೆ. "ಅಮ್ಮಾ, ಇದನ್ನೂ ನೀನೇ ಹೇಳ್ಬೇಕಾ!" ಅಂತ ನಾಚಿ ಚಹಾವನ್ನು ಅಂಗಿಯ ಮೇಲೆ ಚೆಲ್ಲಿಕೊಂಡ.

ನಿನ್ನೆ ನರ್ಸಮ್ಮ ಕೇಳಿದರಲ್ಲ, "ಆಸ್ಪತ್ರೆಯಿಂದ ಮೊದಲ ಕಾಗದ ಬಂದಾಗ್ಲೇ ಬರಬಾರ್ದಿತ್ತಾ? ಇಷ್ಟು ಕತ್ತರಿಸೋದು ಬೇಕಾಗ್ತಿರ್ಲಿಲ್ಲವೇನೋ. ಮುಂದೆ ಬಸುರಾದ್ರೆ ಡಾಕ್ಟರಿಗೆ ಹೇಳಿ, ಮಗು ತಿಂಗಳು ತುಂಬೋ ಮೊದ್ಲೇ ಬರೋ ಭಯ ಸ್ವಲ್ಪ ಇರುತ್ತೆ." ನೀನು, "ಈ ತಿಂಗಳು ಬಂದಿದ್ದು ಬಿಟ್ರೆ ನಂಗ್ಯಾವ ಕಾಗದಾನೂ ಬರ್ಲಿಲ್ಲ" ಅಂದೆ. ಪಕ್ಕದಲ್ಲೇ ನಿಂತಿದ್ದ ನಾನು ನಿನ್ನ ಚಪ್ಪಲಿ ಹುಡುಕುವವಳಂತೆ ಬಗ್ಗಿದೆ.

ಬಂದಿತ್ತು, ಮಗಳೇ. ಮೊದಲ ಪರೀಕ್ಷೆಯಲ್ಲಿ ಏನೋ ದೋಷ ಕಂಡಿದೆ, ಮತ್ತೆ ಪರೀಕ್ಷೆಗೆ ಬನ್ನಿ ಎಂದಿತ್ತು. ನೀನು ಹೆದರುತ್ತೀಯೆಂದು ಅದನ್ನು ನನ್ನ ಪ್ರಾರ್ಥನೆಯ ಪುಸ್ತಕದೊಳಗಿಟ್ಟು, ಏಳು ತಿಂಗಳು ದಿನಾ ಅದರ ಮೇಲೆ ಕೈಯಿಟ್ಟು ಬೇಡಿದೆ. ದೇವರು ಆ ಕಾಗದದಲ್ಲೇ ದಾರಿ ತೋರಿಸಿದ್ದ. ನಾನು ಅದನ್ನು ಮುಚ್ಚಿಟ್ಟು ಮತ್ತೆ ಅವನನ್ನೇ ಕೇಳುತ್ತಿದ್ದೆ.

ಪುಸ್ತಕ ನಿನ್ನ ದಿಂಬಿನ ಪಕ್ಕದಲ್ಲಿದೆ, ಕಾಗದ ಅದರೊಳಗಿದೆ. ನಿನ್ನದು, ನಿನಗೆ ತಲುಪಿಸಿದ್ದೇನೆ.