ವತ್ಸಲಾ ಅವರ ಒಪ್ಪಿಗೆಗಾಗಿ

ತೇಲುಕೇರಿ, ಕಾಳಿ ಅಳಿವೆ
2318, ಫೆಬ್ರವರಿ 30

ವತ್ಸಲಾ ಅವರಿಗೆ,

ತಾರೀಖು ತಪ್ಪಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಮಾತನ್ನು ನಾನು ಕಲಿತದ್ದು ಪ್ರೋಗ್ರಾಮುಗಳ ನಡುವೆ ನೀವೆಲ್ಲ ಬಿಟ್ಟುಹೋದ ಟಿಪ್ಪಣಿಗಳಿಂದ. ನಾನು ಮೂಲಗಾರ್ತಿ. ಅಂದರೆ, ಇನ್ನೂ ಓಡುತ್ತಿರುವ ಹಳೆಯ ಪ್ರೋಗ್ರಾಮುಗಳ ಮೂಲ ಬರಹವನ್ನು ಹುಡುಕಿ ಓದುವವಳು. ಈ ಕರಾವಳಿಯಲ್ಲಿ ಅಂಥವರು ಇಬ್ಬರಿದ್ದೇವೆ. ಇನ್ನೊಬ್ಬರಿಗೆ ಈಗ ಕಣ್ಣು ಕಾಣುವುದಿಲ್ಲ.

ನೀವು ಯಾವುದೋ ಅಂಗಡಿಗೆಂದು ಬರೆದ ಆನ್‌ಲೈನ್ ಮಾರಾಟದ ಮಾಡ್ಯೂಲ್ ಇಂದಿಗೂ ನಡೆಯುತ್ತಿದೆ. ಅಂಗಡಿಯ ಹೆಸರು ಯಾರಿಗೂ ನೆನಪಿಲ್ಲ. ನಿಮ್ಮ ಕೆಲಸದ ಮೇಲೆ ಇನ್ನೊಬ್ಬರು ಕಟ್ಟಿದರು, ಅದರ ಮೇಲೆ ಮತ್ತೊಬ್ಬರು. ಈಗ ಅಕ್ಕಿ, ಸಾಬೂನು, ಔಷಧಿ ಎಲ್ಲವೂ ಅದರಿಂದಲೇ ಬರಬೇಕು. ಅದನ್ನು ನಾವು ಬುಟ್ಟಿ ಎನ್ನುತ್ತೇವೆ. ಬೆಳಿಗ್ಗೆ ಬುಟ್ಟಿಗೆ ಹೇಳಿದರೆ ಮಧ್ಯಾಹ್ನ ಹಾರುಪೆಟ್ಟಿಗೆ ಬಂದು ಅಂಗಳದಲ್ಲಿ ಕೂರುತ್ತದೆ. ನಾಲ್ಕು ತಿಂಗಳ ಹಿಂದೆ ನಮ್ಮ ಅಂಗಳ, ಮನೆ ಎರಡೂ ಸಮುದ್ರಕ್ಕೆ ಹೋದವು. ಅಂದಿನಿಂದ ನಲವತ್ತು ಕುಟುಂಬ ದೋಣಿಗೆ ದೋಣಿ ಬಿಗಿದು ಅಳಿವೆಯಲ್ಲೇ ಇದ್ದೇವೆ. ದೋಣಿಗೆ ಮನೆ ಸಂಖ್ಯೆ ಇರುವುದಿಲ್ಲ. ವಿಳಾಸದಲ್ಲಿ ಆ ಜಾಗ ಖಾಲಿ ಬಿಟ್ಟರೆ ಬುಟ್ಟಿ ಮುಂದೆ ಹೋಗುವುದಿಲ್ಲ. ಹಳೆಯ ಸಂಖ್ಯೆ ಕೊಟ್ಟಾಗ ಪೆಟ್ಟಿಗೆ ಬಂತು. ಮನೆ ಇದ್ದ ನೀರಿನ ಮೇಲೆ, ಕೈಗೆಟುಕದ ಎತ್ತರದಲ್ಲಿ ಮೂರು ಸುತ್ತು ಹಾಕಿ ಹಿಂದಿರುಗಿತು.

ಅಕ್ಕಿಯನ್ನು ದಡದವರ ಸಂಖ್ಯೆಗೆ ತರಿಸಿಕೊಳ್ಳುತ್ತೇವೆ. ಔಷಧಿಗೆ ಅದು ನಡೆಯದು. ಆ ಮನೆಯಲ್ಲಿ ಆ ಹೆಸರಿನ ರೋಗಿ ಇಲ್ಲವೆಂದು ವಾಪಸು ಹೋಗುತ್ತದೆ. ನನಗಿಂತ ಎರಡು ವರ್ಷ ಚಿಕ್ಕವಳಾದ ಅತ್ತಿಗೆ ಮೋಹಿನಿಗೆ ಸಕ್ಕರೆ ಕಾಯಿಲೆ. ದಿನಕ್ಕೊಂದು ಚುಚ್ಚುಮದ್ದು. ಮನೆ ಬಿಡುವಾಗ ಎತ್ತಿಕೊಂಡದ್ದರಲ್ಲಿ ಉಳಿದಿರುವುದು ಒಂಬತ್ತು.

ನಿಮ್ಮ ಮೂಲ ಬರಹ ಸಿಕ್ಕಿದ್ದು ಅಂಕೋಲಾದ ಉಪ್ಪಿನ ಗೋದಾಮಿನಲ್ಲಿ ರಾಶಿ ಹಾಕಿದ್ದ ಯಂತ್ರಗಳಲ್ಲೊಂದರಲ್ಲಿ. ಮೂರು ಪ್ರತಿಗಳಿದ್ದವು: ‘ಕಡೆಯದು’, ‘ಹೊಸ ಕಡೆಯದು’, ‘ಇದೇ ಕಡೆಯದು’. ಓಡುತ್ತಿರುವುದು ಯಾವುದೆಂದು ತಿಳಿಯಲು ಹದಿನೇಳು ದಿನ ಹಿಡಿಯಿತು. ಮೊದಲನೆಯದೇ. ಅದರಲ್ಲಿ ಮನೆ ಸಂಖ್ಯೆಯನ್ನು ಕಡ್ಡಾಯ ಮಾಡುವ ಒಂದು ಸಾಲು, ಸಾಲಿನ ಮೇಲೆ ನಿಮ್ಮ ಟಿಪ್ಪಣಿ: ‘ಸದ್ಯಕ್ಕೆ ಹೀಗಿರಲಿ, ಸೋಮವಾರ ತೆಗೆಯೋಣ. ವತ್ಸಲಾ.’

ಸಂಖ್ಯೆ ಕೇಳದಿದ್ದರೆ ಪೆಟ್ಟಿಗೆ ಕರೆದವರು ಇರುವಲ್ಲಿಗೇ ಬರುತ್ತದೆ. ಆ ಸಾಲನ್ನು ನಾನು ತೆಗೆದೆ. ಅತ್ತಿಗೆ ಪಕ್ಕದಲ್ಲಿ ಮೀನು ಕೊಯ್ಯುತ್ತ ಕೂತಿದ್ದಳು. ಈ ಬದಲಾವಣೆ ವತ್ಸಲಾ ಅವರ ಒಪ್ಪಿಗೆಗೆ ಕಾಯುತ್ತಿದೆ ಎಂದು ಪರದೆಯ ಮೇಲೆ ಬಂತು. ಅವಳಿಗೆ ಓದಿ ಹೇಳಿದೆ.

‘ಅದ್ಯಾರೇ ವತ್ಸಲಾ?’

‘ಇದನ್ನ ಬರ್ದವ್ರು. ಸತ್ತು ಇನ್ನೂರೈವತ್ತು ವರ್ಷ ಆಗಿರ್ಬೇಕು.’

‘ಹಂಗಾರೆ ಅಡ್ಡಿಲ್ಲ. ಒಂಬತ್ತು ದಿನ ಬಿಟ್ಟು ನಾನೇ ಹೋಗಿ ಕೇಳ್ತೆ,’ ಎಂದಳು. ಚೂರಿಯನ್ನು ನೀರಲ್ಲಿ ಅದ್ದಿ ಮತ್ತೊಂದು ಮೀನು ಎತ್ತಿಕೊಂಡಳು.

ಒಪ್ಪಿಗೆ ಕೊಡಬಲ್ಲವರ ಪಟ್ಟಿಗೆ ನನ್ನ ಹೆಸರು ಸೇರಿಸಲು ನೋಡಿದೆ. ಅದಕ್ಕೂ ನಿಮ್ಮ ಒಪ್ಪಿಗೆ ಬೇಕಂತೆ. ನಿಮ್ಮ ಮೇಲೆ ಸಿಟ್ಟಿಲ್ಲ. ಸೋಮವಾರ ಮಾಡೋಣವೆಂದು ನಾನೂ ಎಷ್ಟೋ ಬಿಟ್ಟಿದ್ದೇನೆ. ಅವುಗಳ ಕೆಳಗೆ ಯಾರು ಕಾದು ಕೂತಿದ್ದಾರೋ ತಿಳಿಯದು.

ಒಪ್ಪಿಗೆ ಕೇಳುವವರು ಕಾರಣ ಬರೆಯಲೆಂದು ಒಂದು ಚೌಕ ಬಿಟ್ಟಿದ್ದೀರಿ. ಇದನ್ನು ಅದರಲ್ಲೇ ಬರೆಯುತ್ತಿದ್ದೇನೆ. ಇದು ನಿಮ್ಮ ಕಾಲಕ್ಕೆ ಹಿಂದಿರುಗಿ ತಲುಪುತ್ತದೆಂದು ನಂಬಲು ಆಧಾರವಿಲ್ಲ. ಆದರೂ, ಆ ಸೋಮವಾರ ನಿಮಗಿನ್ನೂ ಬಂದಿಲ್ಲವಾದರೆ, ಬಂದಾಗ ದಯವಿಟ್ಟು ಆ ಸಾಲನ್ನು ತೆಗೆಯಿರಿ. ಅರ್ಧ ನಿಮಿಷದ ಕೆಲಸ. ನೀವು ತೆಗೆದಿದ್ದರೆ ನಾನು ಅದನ್ನು ಕಾಣುತ್ತಲೇ ಇರಲಿಲ್ಲ, ನಿಮ್ಮ ಹೆಸರೂ ನನಗೆ ತಿಳಿಯುತ್ತಿರಲಿಲ್ಲ, ಈ ಪತ್ರವನ್ನು ಬರೆಯಬೇಕಾಗಿಯೂ ಇರಲಿಲ್ಲ.

ಬರೆದು ಮುಗಿಸಿದ್ದೇನೆ. ಸಾಲು ಇನ್ನೂ ಅಲ್ಲೇ ಇದೆ.

ಶೇವಂತಿ