ಮನೆಯ ವಾಸನೆ ಬರೆ ಎಂದಿರಿ

ಕಾಪು
೧೪ ಸೆಪ್ಟೆಂಬರ್ ೧೯೮೩

ಹೆಸರು ಹಿಡಿದು ಬರೆಯಲು ನನಗಿನ್ನೂ ನಾಚಿಕೆಯಾಗುವ ನಮ್ಮ ಇವರಿಗೆ, ಕುಶಲಾಳ ನಮಸ್ಕಾರ.

ದುಬಾಯಿಯಿಂದ ನೀವು ಬರೆದ ಕಾಗದ ಸಿಕ್ಕಿತು. ಆ ಎಸಿ ಕೋಣೆಯಲ್ಲಿ ಯಾವ ವಾಸನೆಯೂ ಇಲ್ಲ, ನಮ್ಮ ಮನೆಯ ವಾಸನೆ ಹೇಗುಂಟು ಬರೆ ಎಂದಿದ್ದೀರಿ. ಎಂತ ಬರೆಯುವುದು? ನಾವು ಜಗಳವಾಡಿದ್ದೂ ರಾಜಿಯಾದದ್ದೂ ತುಳುವಿನಲ್ಲಿ, ಕಾಗದ ಮಾತ್ರ ಕನ್ನಡದಲ್ಲಿ. ನನ್ನ ಶಾಲೆಯ ಕನ್ನಡದಲ್ಲಿರುವುದು ಪರಿಮಳ, ಇಲ್ಲವೇ ದುರ್ವಾಸನೆ. ನಮ್ಮ ಮನೆ ಎರಡೂ ಅಲ್ಲ.

ಬಾವಿಕಟ್ಟೆಯಲ್ಲಿ ಕೇಳಿದೆ. ಆಚೆ ಮನೆಯ ಆಸ್ಯಾ, ಅವಳ ಬ್ಯಾರಿ ಭಾಷೆಯಲ್ಲಿ, ಕೆಂಡದಲ್ಲಿ ಸುಟ್ಟ ಒಣಮೀನಿನ ಹಾಗೆ ಎಂದಳು. ಐರಿನ್ ಬಾಯಮ್ಮ ಕೊಂಕಣಿಯಲ್ಲಿ ಏನೋ ಗೊಣಗಿ, ಗಂಜಿ ಉಕ್ಕಿ ಒಲೆಗೆ ಬಿದ್ದ ಹಾಗೆ ಎಂದರು. ಭಾಷೆ ಬೇರೆಯಾದರೇನು, ವಾಸನೆಗೆ ಯಾರೂ ಹೆಸರು ಹೇಳಲಿಲ್ಲ, ಒಂದೊಂದು ವಸ್ತು ತೋರಿಸಿದರು. ತುಳುವಿನಲ್ಲಿ ನನಗೆ ಹೊಳೆದದ್ದು, ನೀವು ಮೈಗೆ ಎಣ್ಣೆ ಹಚ್ಚಿ ಬಚ್ಚಲ ಒಲೆಯೆದುರು ಕೂತ ಹಾಗೆ ಎಂದು. ಅವರೆದುರು ಹೇಳಲಿಲ್ಲ. ಆ ವಾಸನೆ ಈಗ ಮನೆಯಲ್ಲಿಲ್ಲ, ನನಗೆ ತುಂಬ ಒಂಟಿ ಅನ್ನಿಸುತ್ತದೆ.

ಮೊನ್ನೆ ಆಸ್ಯಾಳ ಗಂಡ ಮೂಸಾ ದುಬಾಯಿಯಿಂದ ಬಂದರು. ಪೆಟ್ಟಿಗೆ ಬಿಚ್ಚುವುದನ್ನು ನೋಡಲು ನಾವೂ ಹೋದೆವು. ಆಗಷ್ಟೇ ಸ್ನಾನ ಮಾಡಿ ಬಂದ ಮೂಸಾರ ಮೊಣಕಾಲನ್ನು ನಮ್ಮ ಸ್ವರ್ಣ ಓಡಿಹೋಗಿ ಅಪ್ಪಿಕೊಂಡು, ಪಪ್ಪ ಬಂದರು ಎಂದಳು. ಅವರದ್ದೂ ನಿಮ್ಮದೇ ಸೋಪು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಒಲೆ ಹಚ್ಚಲು ಮನಸ್ಸಾಗಲಿಲ್ಲ.

ಮಗುವನ್ನು ಬೈಯಬೇಡಿ. ನೀವು ಹೋಗುವಾಗ ಅವಳು ತೊಟ್ಟಿಲಲ್ಲಿದ್ದಳು. ನಿಮ್ಮ ಫೋಟೋ ತೋರಿಸಿದರೆ ಮುಖ ತಿರುಗಿಸುತ್ತಾಳೆ. ಅದಕ್ಕೆ ನೀವು ಬಿಟ್ಟುಹೋದ ಸೋಪನ್ನು ಮೂಗಿಗೆ ಹಿಡಿದು, ಇದು ಪಪ್ಪ ಎಂದು ಕಲಿಸಿದ್ದೆ. ಚೆನ್ನಾಗಿಯೇ ಕಲಿತಿದ್ದಾಳೆ.

ಕಂಪೆನಿಯಲ್ಲಿ ಇನ್ನೆರಡು ವರ್ಷಕ್ಕೆ ಸಹಿ ಹಾಕಲೇ ಎಂದು ಕೇಳಿದ್ದೀರಿ. ಬೇಡ. ಮನೆಗೆ ತಾರಸಿ ಆಗದಿದ್ದರೆ ಹಂಚೇ ಇರಲಿ. ಬಂದು ನಾಲ್ಕು ದಿನ ಬಿಸಿಲಲ್ಲಿ ತೆಂಗಿನ ಬುಡ ಬಿಡಿಸಿ, ಬೆವರಿದ ಅಂಗಿಯಲ್ಲೇ ಅವಳನ್ನು ಎತ್ತಿಕೊಳ್ಳಿ. ಅವಳು ಅದನ್ನೂ ಕಲಿಯಬೇಕು.

ಇಂತಿ,
ನಿಮ್ಮ ದಾರಿ ಕಾಯುವ
ಕುಶಲಾ

ತಾ.ಕ.: ಮೂಸಾರ ಕೈಯಲ್ಲಿ ನೀವು ಕಳಿಸಿದ ಹೊಸ ಸೋಪನ್ನು ಆಸ್ಯಾಳಿಗೇ ಕೊಟ್ಟೆ. ಹಳೆಯ ಸೋಪಿನ ಹೊದಿಕೆ ಕಾಗದ ಮಾತ್ರ ನನ್ನ ಸೀರೆಗಳ ನಡುವೆ ಉಂಟು. ನಿನ್ನೆ ಸ್ವರ್ಣ ಅದನ್ನು ಮೂಸಿ, ಇದರಲ್ಲಿ ಪಪ್ಪ ಇಲ್ಲ ಎಂದಳು. ಅವಳು ಮಲಗಿದ ಮೇಲೆ ನಾನೂ ಮೂಸಿ ನೋಡಿದೆ. ಇಲ್ಲ.